ಉಜ್ಜಿದ ಬೆಸುಗೆ

ಅಕ್ಕಿಕಾಳಿನಷ್ಟು ಜಾಗದ ಬಣ್ಣ ಬೆಳ್ಳಿಯೋ ನೀಲಿಯೋ ಎಂಬುದು ಮನುಷ್ಯಕುಲದ ದೊಡ್ಡ ಪ್ರಶ್ನೆಗಳಲ್ಲೊಂದು. ಸಿಂಹಾಸನಗಳು ಉರುಳಿದ್ದು, ವಂಶಗಳು ಅಳಿದದ್ದು ಇದಕ್ಕಿಂತ ಚಿಕ್ಕ ಕಾರಣಗಳಿಗೆ. ಆದ್ದರಿಂದ ಆ ಶನಿವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಒಂದು ಸೈಕಲ್ ವರ್ಕ್‌ಶಾಪಿನೊಳಗೆ ಇಬ್ಬರು ಒಡಹುಟ್ಟಿದವರು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಮೂಗು, ಎರಡು ಪಕ್ಕೆಲುಬು ಮತ್ತು ಒಂದು ಕಿವಿಯ ಮೇಲಂಚನ್ನು ಕಳೆದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂರನೆಯವರೊಬ್ಬರ ಹಲ್ಲೂ ಹೋಯಿತು. ಅದರ ವಿಚಾರ ಆಮೇಲೆ.

ವರ್ಕ್‌ಶಾಪು ಎಂದರೆ ತಗಡಿನ ಸೂರಿನ ಉದ್ದನೆಯ ಒಂದು ಶೆಡ್ಡು, ನಡುವೆ ಗಾಜಿನ ಗೋಡೆ. ಗೋಡೆಯ ಆಚೆ ಅಣ್ಣ, ಈಚೆ ತಮ್ಮ. ಅಣ್ಣ ಟೈಟಾನಿಯಂ ಕೊಳವೆಗಳನ್ನು ಕತ್ತರಿಸಿ, ಬೆಸೆದು, ರಸ್ತೆಯ ಮೇಲೆ ಜೋರಾಗಿ ಓಡಿಸುವ ಸೈಕಲ್ಲುಗಳ ಫ್ರೇಮು ಕಟ್ಟುತ್ತಿದ್ದ. ತಮ್ಮ ಆ ಫ್ರೇಮಿಗೆ ಚಕ್ರ, ಚೈನು, ಬ್ರೇಕು, ಸೀಟು ಎಲ್ಲ ಜೋಡಿಸಿ, ಸವಾರನ ತೊಡೆ ತೋಳು ಬೆನ್ನು ಅಳೆದು, ಅವನ ಮೈಗೆ ಹೊಂದಿಸಿ ಕೊಡುತ್ತಿದ್ದ. ಅಣ್ಣನನ್ನು ಗಿರಾಕಿಗಳು ಬೆಂಕಿಯಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ. ತಮ್ಮನನ್ನು ಮಿಲ್ಲಿ ಎನ್ನುತ್ತಿದ್ದರು, ಎದುರಿಗೇ. ಮಿಲಿಮೀಟರಿಗಿಂತ ದೊಡ್ಡ ಅಳತೆಯಲ್ಲಿ ಅವನು ಮಾತಾಡಿದ್ದನ್ನು ಕೇಳಿದವರಿಲ್ಲ. ಬಸ್‌ಸ್ಟಾಪು ಎಷ್ಟು ದೂರ ಎಂದು ದಾರಿಹೋಕರು ಕೇಳಿದರೂ ಒಂದು ಗಳಿಗೆ ಮೇಲೆ ನೋಡಿ ಗುಣಿಸಿಕೊಳ್ಳುತ್ತಿದ್ದ.

ಇವರದು ಕೈಮಾತಿನ ಮನೆತನ. ಬೇರೆ ಮನೆಗಳಲ್ಲಿ ಮಾತಿಗೆ ಮಾತು ಬೆಳೆದು, ಅದು ಜಗಳವಾಗಿ, ಕೊನೆಗೆಲ್ಲೋ ಕೈ ಏಳುತ್ತದೆ. ಇಲ್ಲಿ ಅಷ್ಟು ಹೊತ್ತು ಹಾಳುಮಾಡುವುದಿಲ್ಲ. ಅಪ್ಪ ಟೇಲರು, ಅಳತೆಪಟ್ಟಿಯಲ್ಲಿ ಅಳೆದದ್ದಕ್ಕಿಂತ ಬಾರಿಸಿದ್ದೇ ಹೆಚ್ಚು. ತಮ್ಮ ಹನ್ನೆರಡು ವರ್ಷದವನಿದ್ದಾಗ ಗಾಳಿ ಹೊಡೆಯುವ ಪಂಪಿನಿಂದ ಅಣ್ಣನ ಮೂಗು ಮುರಿದಿದ್ದ. ಅಣ್ಣ ಅದಕ್ಕೆ ಬದಲಾಗಿ ಅವನನ್ನು ಮಹಡಿ ಮೆಟ್ಟಿಲಿನ ಮೇಲಿಂದ ತಳ್ಳಿದ್ದ. ಇಬ್ಬರಿಗಿಂತ ದೊಡ್ಡವಳಾದ ಅಕ್ಕ ಇಬ್ಬರಿಗೂ ಎರಡೆರಡು ಬಿಗಿದು, ಒಂದೇ ಸೈಕಲ್ಲಿನ ಹಿಂದೊಬ್ಬನನ್ನು ಮುಂದೊಬ್ಬನನ್ನು ಕೂರಿಸಿಕೊಂಡು ಆಸ್ಪತ್ರೆಗೆ ತುಳಿದಿದ್ದಳು. ಸೈಕಲ್ಲಿನ ಮೇಲೆ ಈ ಮನೆತನಕ್ಕೆ ಮೋಹ ಹುಟ್ಟಿದ್ದು ಅಂದೇ ಎಂದು ತಮ್ಮ ಹೇಳುವುದುಂಟು. ಇಷ್ಟೆಲ್ಲ ಆಗಿಯೂ ಇಪ್ಪತ್ತು ವರ್ಷದಿಂದ ಇಬ್ಬರದೂ ಒಂದೇ ಸೂರಿನಡಿ ಕೆಲಸ. ಪ್ರೀತಿಯೇ ಇರಬೇಕು. ಬೇರೆ ಏನೇ ಆಗಿದ್ದರೂ ಅಷ್ಟು ಏಟಿಗೆ ಎಂದೋ ಸತ್ತು ಹೋಗುತ್ತಿತ್ತು.

ಆ ಅಂಗಡಿಗೆ ಒಂದು ಕಾನೂನಿತ್ತು. ಅದನ್ನು ಮಾಡಿದವನು ಅಣ್ಣನೇ.

ಟೈಟಾನಿಯಂ ಬಿಸಿಯಾದಾಗ ಬಾಣಂತಿಯ ಹಾಗೆ, ಗಾಳಿ ಸೋಕಬಾರದು. ಬೆಸೆಯುವಷ್ಟು ಹೊತ್ತೂ ಕೊಳವೆಯ ಒಳಗೂ ಹೊರಗೂ ಆರ್ಗಾನ್ ಗ್ಯಾಸು ಹರಿಸುತ್ತ ಗಾಳಿಯನ್ನು ದೂರ ಇಡಬೇಕು. ಇಟ್ಟರೆ ಬೆಸುಗೆ ಬೆಳ್ಳಿಯ ಬಣ್ಣ, ಹೆಚ್ಚೆಂದರೆ ಒಣಹುಲ್ಲಿನ ಬಣ್ಣ. ಗ್ಯಾಸು ಕಡಿಮೆಯಾಗಿ ಗಾಳಿ ನುಗ್ಗಿತೋ, ನೀಲಿ. ನೋಡಲು ಬಲು ಚೆಂದ, ನವಿಲಿನ ಕತ್ತಿನ ಹಾಗೆ. ಆದರೆ ಆ ಜಾಗ ಗಾಜಾಗಿರುತ್ತದೆ. ಬಾಗುವುದಿಲ್ಲ, ಒಂದು ದಿನ ಪಟ್ಟನೆ ಮುರಿಯುತ್ತದೆ. ಯಾವ ದಿನ ಎಂದು ಮಾತ್ರ ಮೊದಲೇ ತಿಳಿಸುವುದಿಲ್ಲ. ಆ ನೀಲಿಯನ್ನು ತಂತಿ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದರೆ ಬೆಳ್ಳಿಯಾಗಿಬಿಡುತ್ತದೆ. ಒಳಗಿನ ಗಾಜು ಗಾಜಾಗಿಯೇ ಉಳಿಯುತ್ತದೆ. ಅದಕ್ಕೇ ಕಾನೂನು: ಬೆಸೆದವನಲ್ಲದೆ ಇನ್ನೊಬ್ಬ ಬಂದು ನೋಡುವವರೆಗೆ ಯಾವ ಬೆಸುಗೆಗೂ ಬ್ರಷ್ಷು ತಾಗಿಸುವ ಹಾಗಿಲ್ಲ.

"ಬಣ್ಣ ಸುಳ್ಳು ಹೇಳಲ್ಲ," ಎನ್ನುತ್ತಿದ್ದ ಅಣ್ಣ. "ಉಜ್ಜಿದೋನು ಹೇಳ್ತಾನೆ."

ಕೆಲಸ ಕಲಿಯಲು ಬಂದ ನಡುವಯಸ್ಸಿನ ಗೃಹಸ್ಥನೊಬ್ಬ ಈ ಕಾನೂನು ಮುರಿದಾಗ ಅಣ್ಣ ಅದೇ ಬ್ರಷ್ಷನ್ನು ಅವನ ಕೆನ್ನೆಗೆ ಉಜ್ಜಿ ವ್ಯತ್ಯಾಸ ತೋರಿಸಿದ್ದ. ಆತ ಈಗ ಬೇಕರಿ ನಡೆಸುತ್ತಾನೆ, ಗಡ್ಡ ಬಿಟ್ಟಿದ್ದಾನೆ. ಅನುಮಾನ ಬಂದ ಬೆಸುಗೆಗೆ ಇನ್ನೊಂದು ಪರೀಕ್ಷೆಯೂ ಇತ್ತು. ತುಂಡನ್ನು ಬೆಂಚಿನ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ, ಬೆಸೆದವನ ಕೈಗೇ ಎರಡು ಕಿಲೋ ಸುತ್ತಿಗೆ ಕೊಟ್ಟು ಹೊಡೆಸುವುದು. ಬಾಗಿದರೆ ಪಾಸು. ಮುರಿದರೆ ಮನೆಗೆ.

ಇನ್ನು ಭಾವ. ಅಕ್ಕನ ಗಂಡ, ಹಲ್ಲಿನ ಡಾಕ್ಟರು, ವಯಸ್ಸು ಐವತ್ತಾರು. ಹದಿನೈದು ವರ್ಷದ ಹಿಂದೆ ಅಣ್ಣನ ಕೈಯಲ್ಲೇ ಕಟ್ಟಿಸಿದ ಟೈಟಾನಿಯಂ ಸೈಕಲ್ಲನ್ನು ಅವರು ಸಾಕುವ ರೀತಿ ನೋಡಿ ಅಕ್ಕ, "ಮುಂದಿನ ಜನ್ಮದಲ್ಲಿ ಸೈಕಲ್ಲಾಗಿ ಹುಟ್ಟಿ ನಿಮ್ಮನ್ನೇ ಮದುವೆಯಾಗ್ತೀನಿ, ಆಗಲಾದ್ರೂ ದಿನಾ ಮೈ ಒರೆಸ್ತೀರೇನೋ," ಎಂದಿದ್ದಳು. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ಬಣ್ಣ ಬೇಡುವುದಿಲ್ಲ, ಸವೆಯುವುದಿಲ್ಲ. ಹೀಗಾಗಿ ಅದರ ಮಾಲೀಕನಿಗೆ ಮಾಡಲು ಕೆಲಸವೇ ಇರುವುದಿಲ್ಲ, ಮತ್ತು ಕೆಲಸವಿಲ್ಲದ ಮಾಲೀಕ ಬಿಡಿಭಾಗ ಬದಲಿಸುತ್ತಾನೆ. ಭಾವ ಒಂದು ವರ್ಷ ಇದ್ದಬದ್ದ ಬೋಲ್ಟನ್ನೆಲ್ಲ ಟೈಟಾನಿಯಮ್ಮಿಗೆ ಬದಲಿಸಿ ಹದಿನಾಲ್ಕು ಗ್ರಾಂ ಇಳಿಸಿದ್ದರು. ಅದೇ ವರ್ಷ ಅವರು ಸ್ವತಃ ಆರು ಕಿಲೋ ಏರಿದ್ದರು. ಏರಿದ ಹೊಟ್ಟೆಗೆ ಸರಿಯಾಗಿ ಹ್ಯಾಂಡಲ್ಲನ್ನು ಐದೈದು ಮಿಲಿಮೀಟರ್ ಎತ್ತುತ್ತ ಬಂದವನು ತಮ್ಮ.

"ಇದು ಬೆನ್ನಿಗಾ, ಹೊಟ್ಟೆಗಾ?" ಎಂದು ಭಾವ ಕೇಳಿದರೆ, "ಕಾಲಮಾನಕ್ಕೆ ಭಾವ," ಎನ್ನುತ್ತಿದ್ದ.

ಈ ವರ್ಷ ಭಾವನಿಗೆ ಬಂದ ಆಸೆ ಡಿಸ್ಕ್ ಬ್ರೇಕು. ಹಳೆಯ ಫ್ರೇಮಿನಲ್ಲಿ ಇದ್ದದ್ದು ಚಕ್ರದ ಅಂಚನ್ನು ಹಿಡಿಯುವ ಹಳೆಯ ಕಾಲದ ರಿಮ್ ಬ್ರೇಕು; ಡಿಸ್ಕಿನದನ್ನು ಕೂರಿಸಲು ಜಾಗವೇ ಇಲ್ಲ. ಮುಂದಿನ ಚಕ್ರ ಹಿಡಿಯುವ ಹೊಸ ಫೋರ್ಕು, ಹೊಸ ಚಕ್ರಗಳು ಬಂದವು. ಹಿಂದಿನ ಚಕ್ರಕ್ಕೆ ಹೋಗುವ ಎಡಗಡೆ ಕೊಳವೆಯ ಮೇಲೆ ಬೆರಳುದ್ದದ ಒಂದು ಟೈಟಾನಿಯಂ ಮಣೆಯನ್ನು ಬೆಸೆದು, ಬ್ರೇಕನ್ನು ಅದರ ಮೇಲೆ ಕೂರಿಸುವುದೆಂದಾಯಿತು. ಭಾನುವಾರ ಬೆಳಿಗ್ಗೆ ಅವರ ಸೈಕಲ್ ಕ್ಲಬ್ಬಿನವರು ಊರಾಚೆಯ ಬೆಟ್ಟ ಹತ್ತುವವರಿದ್ದರು. ಹತ್ತುವುದು ಯಾರಿಗೂ ಬೇಕಿರಲಿಲ್ಲ, ಇಳಿಯುವುದೇ ಮೋಜು. ಹನ್ನೊಂದು ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹೊಸ ಬ್ರೇಕಿನ ಮೇಲೆ ಎಲ್ಲರಿಗಿಂತ ಮೊದಲು ಇಳಿಯುತ್ತೇನೆಂದು ಭಾವ ಕ್ಲಬ್ಬಿನಲ್ಲಿ ಸಾರಿಯೂ ಆಗಿತ್ತು.

ಶನಿವಾರ ಬೆಳಿಗ್ಗೆ ಬ್ರೇಕು ಕೂರಿಸಲು ಹೊರಟ ತಮ್ಮ, ಮಣೆಯ ಮೇಲೆ ಬೆರಳಾಡಿಸಿ ಕೈ ಹಿಂದೆಗೆದುಕೊಂಡ. ಬೆಸುಗೆ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು. ಅಣ್ಣನ ಬೆಸುಗೆ ಹಾಗೆ ಹೊಳೆಯುವುದಿಲ್ಲ. ನಾಣ್ಯಗಳನ್ನು ಒಂದರ ಮೇಲೊಂದು ಒರಗಿಸಿಟ್ಟ ಹಾಗೆ ಸಾಲಾಗಿ, ಕೊಂಚ ಮಬ್ಬಾಗಿ ಇರುತ್ತದೆ. ಇಲ್ಲಿ ಸಾಲು ಅಲ್ಲಲ್ಲಿ ಡೊಂಕಾಗಿತ್ತು, ಅದರ ಮೇಲೆಲ್ಲ ಕೂದಲಿನಂಥ ಗೆರೆಗಳಿದ್ದವು. ತಮ್ಮನ ಡ್ರಾಯರಿನಲ್ಲಿ ಹಲ್ಲು ನೋಡುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದಿತ್ತು, ಭಾವನೇ ಕೊಟ್ಟದ್ದು. ಅದನ್ನು ಮಣೆಯ ಅಡಿಗೆ ತೂರಿಸಿ ಟಾರ್ಚು ಹಿಡಿದ. ಬ್ರಷ್ಷು ತಲುಪದ ಒಳಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಜಾಗದಲ್ಲಿ, ನವಿಲಿನ ಕತ್ತು ಕಂಡಿತು.

ಅವನು ಸದ್ದಿಲ್ಲದೆ ಗಾಜಿನ ಗೋಡೆಯ ಆಚೆಗೆ ಹೋದ. ಹೊಸ ಗ್ಯಾಸ್ ಸಿಲಿಂಡರಿನ ಕೊರಳಿನಲ್ಲಿ ಶುಕ್ರವಾರದ ಚೀಟಿ ನೇತಾಡುತ್ತಿತ್ತು. ಮಣೆ ಬೆಸೆದದ್ದು ಗುರುವಾರ. ಬಾಗಿಲ ಬಳಿ ಇದ್ದ ಹಳೆಯ ಸಿಲಿಂಡರಿನ ಕಿವಿ ತಿರುಗಿಸಿದ. ಅದು ನಿಟ್ಟುಸಿರನ್ನೂ ಬಿಡಲಿಲ್ಲ.

"ಅಣ್ಣ, ಭಾವನ ಬೆಸುಗೆ ಉಜ್ಜಿದ್ದು ಯಾರು?"

ಅಣ್ಣ ಒಂದು ಕೊಳವೆಯ ಬಾಯಿಗೆ ಅರ ಹಾಕುತ್ತಿದ್ದ. ತಲೆ ಎತ್ತಲಿಲ್ಲ. "ಕೊಳೆ ಇತ್ತು. ಒರೆಸಿದೆ."

"ಒರೆಸೋದಕ್ಕೂ ಉಜ್ಜೋದಕ್ಕೂ ವ್ಯತ್ಯಾಸ ತಿಳೀದಷ್ಟು ವಯಸ್ಸಾಯ್ತಾ ನಿಂಗೆ?"

"ನಿನ್ನ ಕರೆದೆ. ಬಂದು ನೋಡು ಅಂದೆ. ನೀನು ಯಾರದೋ ತೊಡೆ ಅಳೀತಾ ಕೂತಿದ್ದೆ. ಆಮೇಲೆ ಅಂದೆ."

ಇದು ನಿಜ. ಗುರುವಾರ ಮಧ್ಯಾಹ್ನ ಗಾಜಿನ ಮೇಲೆ ಎರಡು ಸಲ ತಟ್ಟಿದ ಸದ್ದಾಗಿತ್ತು, ತಮ್ಮ ತಿರುಗಿಯೂ ನೋಡದೆ ಕೈ ಎತ್ತಿ ತಡಿ ಎಂದಿದ್ದ. ಆಮೇಲೆ ಮರೆತಿದ್ದ. ಈಗ ನೆನಪಾಗಿ ಅವನ ಸಿಟ್ಟು ಇಳಿಯಲಿಲ್ಲ, ಏರಿತು. ತನ್ನ ತಪ್ಪೂ ಒಂದು ಚಿಟಿಕೆ ಸೇರಿದರೆ ಸಿಟ್ಟಿಗೆ ಖಾರ ಜಾಸ್ತಿ.

"ಕರೆದದ್ದು ಉಜ್ಜೋಕೆ ಮುಂಚೆನಾ, ಉಜ್ಜಿದ ಮೇಲಾ?"

ಅರ ನಿಂತಿತು.

"ಮೂಲೇಲಿ ನೀಲಿ ಇದೆ ಅಣ್ಣ."

"ಟಾರ್ಚಿನ ಬೆಳಕಿರಬೇಕು."

"ಹಳೇ ಸಿಲಿಂಡರ್ ಖಾಲಿ ಇದೆ."

"ನಾನು ಬೆಸೆಯೋವಾಗ ಇತ್ತು."

"ಮುಗಿಯೋವರೆಗೂ ಇತ್ತಾ?"

ಉತ್ತರವಾಗಿ ಅರವೇ ಬಂತು. ಅದು ಹಿಡಿಯಿಲ್ಲದ ಅರ. ತಮ್ಮನ ಎಡಗಿವಿಯ ಮೇಲಂಚನ್ನು ಜೊತೆಗೆ ಕರೆದುಕೊಂಡು ಹೋಗಿ ಹಿಂದಿನ ಮರದ ಹಲಗೆಯಲ್ಲಿ ನೆಟ್ಟು ನಿಂತು ಗುಂಯ್‌ಗುಟ್ಟಿತು. ತಮ್ಮ ಕಿವಿ ಮುಟ್ಟಿ ನೋಡಿಕೊಂಡ. ಸುಮಾರು ನಾಲ್ಕು ಮಿಲಿಮೀಟರ್ ಹೋಗಿದೆ ಎಂದು ಅವನ ಬೆರಳು ತಾನಾಗಿಯೇ ಅಳೆಯಿತು. ಕೈಗೆ ಸಿಕ್ಕಿದ್ದು ಗಾಳಿ ಪಂಪು. ಮೂವತ್ತೆರಡು ವರ್ಷಗಳ ನಂತರ ಅದೇ ಆಯುಧ, ಅದೇ ಮೂಗು.

ಮೂಗು ಈ ಸಲ ಬಲಕ್ಕೆ ವಾಲಿತು. ಹಿಂದೆ ಎಡಕ್ಕೆ ವಾಲಿದ್ದರಿಂದ ಒಟ್ಟಿನಲ್ಲಿ ನೆಟ್ಟಗಾಯಿತೆಂದು ಆಮೇಲೆ ನೋಡಿದವರು ಹೇಳಿದರು. ಅಣ್ಣನಿಗೆ ಆಗ ಆ ಲಾಭ ಕಾಣಲಿಲ್ಲ. ತಲೆ ತಗ್ಗಿಸಿ ಎತ್ತಿನ ಹಾಗೆ ನುಗ್ಗಿ ತಮ್ಮನ ಎದೆಗೆ ಗುದ್ದಿದ. ಇಬ್ಬರೂ ಗಾಜಿನ ಗೋಡೆಯನ್ನು ಹಾದು ಈಚೆಗೆ ಬಂದರು. ಇಪ್ಪತ್ತು ವರ್ಷ ಇಬ್ಬರ ಕೆಲಸವನ್ನು ಬೇರೆ ಮಾಡಿ ನಿಂತಿದ್ದ ಗೋಡೆ ಎರಡು ಸೆಕೆಂಡಿನಲ್ಲಿ ಒಂದು ಮಾಡಿ ಕೆಳಗೆ ಸುರಿಯಿತು. ಬಿದ್ದಲ್ಲೇ ತಮ್ಮ ಮಂಡಿ ಎತ್ತಿ ಅಣ್ಣನ ಹೊಟ್ಟೆಗೆ ಇಟ್ಟ. ಅಣ್ಣ ಅವನ ಕೂದಲು ಹಿಡಿದು ಚಕ್ರ ನೇರ ಮಾಡುವ ಕಬ್ಬಿಣದ ಸ್ಟ್ಯಾಂಡಿಗೆ ಹಣೆಯನ್ನು ಎರಡು ಸಲ ಕುಟ್ಟಿದ. ಎಣಿಸಿ ಕುಟ್ಟಿದಂತಿತ್ತು. ತಮ್ಮ ಕೈ ಚಾಚಿ ಒಂದು ಹಳೆಯ ಚೈನು ಎಳೆದುಕೊಂಡು ಬೆನ್ನ ಮೇಲೆ ಬೀಸಿದ. ಅಂಗಿಯ ಮೇಲೆ ಕಪ್ಪು ಎಣ್ಣೆಯ ಅಡ್ಡ ಗೆರೆ, ಅದರೊಳಗಿಂದ ನಿಧಾನವಾಗಿ ಕೆಂಪು ಗೆರೆ ಮೂಡಿದವು. ಬೆಂಚಿನ ಮೇಲಿಂದ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದರವರೆಗೆ ಕ್ರಮ ತಪ್ಪದೆ ಉದುರಿದವು. ತಮ್ಮ ಜೋಡಿಸಿಟ್ಟದ್ದಲ್ಲವೇ.

"ನಲವತ್ತು ವರ್ಷ," ಅಣ್ಣ ಏದುಸಿರಿನ ನಡುವೆ ಹೇಳಿದ. "ನಲವತ್ತು ವರ್ಷದಿಂದ ಬೆಸೀತಿದೀನಿ. ಅಳತೆಪಟ್ಟಿ ಹಿಡ್ಕೊಂಡು ಓಡಾಡೋ ದರ್ಜಿ, ನೀನು ಹೇಳಿಕೊಡ್ತೀಯೇನೋ ನಂಗೆ?"

"ಶುರು ಮಾಡಿದಾಗ ನಿಂಗೆ ಹನ್ನೆರಡಾ?" ಎಂದ ತಮ್ಮ. ಸಾಯುವಾಗಲೂ ಅವನಿಗೆ ಲೆಕ್ಕ ಸರಿ ಇರಬೇಕು. "ಮೂವತ್ತೊಂದು ವರ್ಷ."

ಅದಕ್ಕೆ ಪಕ್ಕೆಗೆ ಒಂದು ಒದೆ ಬಿತ್ತು. ಒಳಗೆ ಏನೋ ಒಣಕಡ್ಡಿಯ ಹಾಗೆ ಲಟಕ್ಕೆಂದಿತು. ಅಣ್ಣ ಅವನ ಮೇಲೆ ಕೂತು, ಎಡಗೈಯಲ್ಲಿ ಕತ್ತು ಒತ್ತಿ ಹಿಡಿದು, ಬಲಗೈ ಮುಷ್ಟಿ ಮಾಡಿ ಎತ್ತಿದ. ಮೂಗಿನಿಂದ ಇಳಿದ ರಕ್ತ ತಮ್ಮನ ಮುಖದ ಮೇಲೆ ಹನಿಯುತ್ತಿತ್ತು. ಎತ್ತಿದ ಮುಷ್ಟಿ ಮೇಲೆಯೇ ನಿಂತು ನಡುಗುತ್ತಿತ್ತು. ಸಿಟ್ಟಿಗೆ ಎಂದುಕೊಂಡ ತಮ್ಮ. ಆದರೆ ಕತ್ತಿನ ಮೇಲಿದ್ದ ಎಡಗೈ ಕಲ್ಲಿನ ಹಾಗಿತ್ತು. ಸಿಟ್ಟು ಒಂದೇ ಕೈಗೆ ಬರುವುದಿಲ್ಲ.

"ಎಷ್ಟು ದಿನದಿಂದ?" ಎಂದು ಹೆಬ್ಬೆರಳಿನ ಅಡಿಯಿಂದ ಕೇಳಿದ.

"ಏನು?"

"ಕೈ."

ಡೊಂಕು ಸಾಲಿನ ಕಥೆ ಆಗ ಅವನಿಗೆ ಪೂರ್ತಿ ತಿಳಿಯಿತು. ನಡುಗುವ ಕೈ ನಿಧಾನ. ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತೈದು ನಿಮಿಷ. ನಡುವೆ ಗ್ಯಾಸು ಮುಗಿದಿದೆ. ಇವನು ನಿಲ್ಲಿಸಿಲ್ಲ. ನಿಲ್ಲಿಸಿದ್ದರೆ ಯಾಕೆ ಎಂದು ಹೇಳಬೇಕಾಗಿತ್ತು.

ಮುಷ್ಟಿ ಇಳಿಯಿತು, ನೆಟ್ಟಗೆ ಬಾಯಿಯ ಮೇಲೆ.

"ಓ, ಶುರುವಾಗಿಬಿಟ್ಟಿದೆ," ಎಂದಿತು ಬಾಗಿಲಿನಿಂದ ಒಂದು ಧ್ವನಿ. "ನಿಮ್ಮಕ್ಕ ಕಾರು ನಿಲ್ಲಿಸಿ ಬರ್ತಾಳೆ. ಅಷ್ಟರೊಳಗೆ ಮುಗಿಸ್ಕೊಂಡ್ರೆ ಇಬ್ಬರಿಗೂ ಒಳ್ಳೇದು."

ಭಾವ ಸವಾರಿಯ ಉಡುಪಿನಲ್ಲೇ ಬಂದಿದ್ದರು. ಆ ಉಡುಪು ಮೈಗೆ ಅಂಟಿಕೊಂಡು ಮುಚ್ಚುವುದಕ್ಕಿಂತ ಹೆಚ್ಚು ಹೇಳುತ್ತಿತ್ತು. ಅಡಿಯಲ್ಲಿ ಲೋಹವಿದ್ದ ಬೂಟು ಗಾಜಿನ ಚೂರುಗಳ ಮೇಲೆ ಕರಕರ ಎಂದಿತು. ಅವರು ಭಾವಮೈದುನರಿಬ್ಬರನ್ನೂ ದಾಟಿ ಸೈಕಲ್ಲಿನ ಬಳಿಗೆ ಹೋದರು. ಮೂವತ್ತು ವರ್ಷದ ಸಂಬಂಧ. ಈ ನೋಟಕ್ಕೆ ಅವರು ಬೆಚ್ಚಿಬೀಳುವ ಕಾಲ ಮುಗಿದಿತ್ತು.

"ಬ್ರೇಕು ಇನ್ನೂ ಕೂರಿಸಿಲ್ವಾ?"

"ಕೂರಿಸಲ್ಲ," ಎಂದ ತಮ್ಮ, ಕಂಬ ಹಿಡಿದು ಏಳುತ್ತ. "ಬೆಸುಗೆ ಕೆಟ್ಟಿದೆ ಭಾವ. ನಾಳೆ ಅದರ ಮೇಲೆ ಬೆಟ್ಟ ಇಳಿದ್ರೆ ಮಣೆ ಕಿತ್ತು ಚಕ್ರಕ್ಕೆ ಸಿಕ್ಕಿಕೊಳ್ಳುತ್ತೆ."

ಭಾವ ಅಣ್ಣನ ಕಡೆ ನೋಡಿದರು. ಅಣ್ಣ ಅಂಗಿಯ ತುದಿಯಿಂದ ಮೂಗು ಒತ್ತಿಕೊಂಡು ನಿಂತಿದ್ದ. ಬಲಗೈ ಜೇಬಿನಲ್ಲಿತ್ತು.

"ಅವನಿಗೆ ತಲೆ ಕೆಟ್ಟಿದೆ," ಎಂದ.

"ಅದು ಗೊತ್ತಿರೋದೇ," ಎಂದು ಭಾವ ತಮ್ಮನ ಕಡೆ ತಿರುಗಿದರು. "ಹೋದ ವರ್ಷ ನನ್ನ ಹ್ಯಾಂಡಲ್ ಮೇಲೆ ಗೀರು ಬಿದ್ದಿದೆ, ಇವತ್ತೋ ನಾಳೆಯೋ ಮುರಿಯುತ್ತೆ ಅಂದೆ ನೀನು. ಬದಲಾಯಿಸ್ಕೊಂಡೆ. ಹಳೇದರ ಮೇಲೆ ನಿಮ್ಮಕ್ಕ ವರ್ಷವಿಡೀ ಒದ್ದೆ ಟವೆಲ್ ಒಣಗಿಸ್ತಿದಾಳೆ. ಮುರಿದಿಲ್ಲ. ಕೊಡಿಲ್ಲಿ, ಬ್ರೇಕು ನಾನೇ ಹಾಕ್ಕೋತೀನಿ."

ಅವರು ಫ್ರೇಮಿನ ಮುಂಭಾಗ ಹಿಡಿದು ಎಳೆದರು. ತಮ್ಮ ಹಿಂಭಾಗ ಹಿಡಿದುಕೊಂಡ. ಅಣ್ಣ ತಮ್ಮನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದ. ಫ್ರೇಮು ಮೂವರ ನಡುವೆ ಅತ್ತಿತ್ತ ಆಡಿ, ಒಮ್ಮೆ ತಮ್ಮನ ರಕ್ತದ ಕೈಯಿಂದ ಜಾರಿ, ಚಿಮ್ಮಿ, ಹ್ಯಾಂಡಲ್ಲಿನ ತುದಿ ಭಾವನ ಬಾಯಿಗೆ ತಾಗಿತು. ಹಲ್ಲಿಗೂ ಟೈಟಾನಿಯಮ್ಮಿಗೂ ನಡೆದ ಆ ಸ್ಪರ್ಧೆ ಬಹಳ ಹೊತ್ತು ನಡೆಯಲಿಲ್ಲ.

ಭಾವ ಅಂಗೈಗೆ ಉಗುಳಿ, ಬಿದ್ದದ್ದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಮೇಲಿನ ಎಡಗಡೆ ಎರಡನೇದು. ಬೇರು ಸಮೇತ," ಎಂದರು, ವೃತ್ತಿಯ ಗಾಂಭೀರ್ಯದಲ್ಲಿ. ಅದನ್ನು ಸವಾರಿ ಅಂಗಿಯ ಬೆನ್ನ ಜೇಬಿನಲ್ಲಿ ಜೋಪಾನವಾಗಿ ಇಟ್ಟರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಹಿಡಿದು ಬೀಸಿ ತಮ್ಮನ ಮುರಿದ ಪಕ್ಕೆಗೇ ಸರಿಯಾಗಿ ಇಳಿಸಿದರು. ಹೊರಗಿನಿಂದ ಬಂದವರು ಮನೆತನದ ಪದ್ಧತಿಯನ್ನು ಎಷ್ಟು ಚೆನ್ನಾಗಿ ಕಲಿಯಬಲ್ಲರು ಎಂಬುದಕ್ಕೆ ಅದೊಂದು ಉದಾಹರಣೆ.

ತಮ್ಮ ಕುಸಿಯಲಿಲ್ಲ. ಕುಸಿದರೆ ಸೈಕಲ್ಲು ಬಾಗಿಲು ದಾಟುತ್ತದೆ, ನಾಳೆ ಬೆಟ್ಟ ಹತ್ತುತ್ತದೆ ಎಂಬುದೊಂದೇ ಅವನ ತಲೆಯಲ್ಲಿ ಉಳಿದಿತ್ತು. ಫ್ರೇಮನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಬೆನ್ನ ಮೇಲೆ ಅಣ್ಣನ ಮೊಣಕೈ, ತೊಡೆಯ ಮೇಲೆ ಭಾವನ ಬೂಟು ಬೀಳುತ್ತಿದ್ದಂತೆಯೇ, ಬೆಂಚಿನವರೆಗೆ ಎಂಟು ಹೆಜ್ಜೆ ಎಳೆದುಕೊಂಡು ಹೋದ. ಮರದ ತುಂಡುಗಳ ನಡುವೆ ಎಡಗಡೆಯ ಕೊಳವೆಯನ್ನಿಟ್ಟು ವೈಸು ಬಿಗಿದ. ಅಷ್ಟರಲ್ಲೂ ಅದು ಮಟ್ಟವಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದ. ಗೋಡೆಯಿಂದ ಎರಡು ಕಿಲೋ ಸುತ್ತಿಗೆ ತೆಗೆದು, ಹಿಡಿಯನ್ನು ಅಣ್ಣನ ಕಡೆ ಚಾಚಿದ.

"ನಿನ್ನ ಬೆಸುಗೆ, ನಿನ್ನ ಕಾನೂನು. ಹೊಡಿ."

ಭಾವನ ಕಾಲು ಮೇಲಕ್ಕೆತ್ತಿದ್ದು ಅಲ್ಲೇ ನಿಂತಿತು. "ಹದಿನೈದು ವರ್ಷದ ಫ್ರೇಮಯ್ಯ ಅದು," ಎಂದರು. ಹಲ್ಲಿಲ್ಲದ ಸಂದಿಯಲ್ಲಿ ಮಾತು ಸಿಳ್ಳೆಯಾಗಿ ಬಂತು.

"ಬೆಸುಗೆ ಒಳ್ಳೇದಾದ್ರೆ ಮಣೆ ಒಂದಿಷ್ಟು ಬಾಗುತ್ತೆ, ಅಷ್ಟೇ. ನೆಟ್ಟಗೆ ಮಾಡಿ, ಬ್ರೇಕು ಹಾಕಿ, ನಿಮ್ಮಿಬ್ಬರ ಕಾಲಿಗೂ ಬಿದ್ದು ಕಳಿಸ್ತೀನಿ. ಹೊಡಿ ಅಣ್ಣ."

ಅಣ್ಣ ಸುತ್ತಿಗೆ ನೋಡಿದ. ಬೇಡ ಎಂದರೆ ಒಪ್ಪಿಕೊಂಡ ಹಾಗೆ. ಬಲಗೈಯನ್ನು ಜೇಬಿನಿಂದ ತೆಗೆದು ಹಿಡಿ ಹಿಡಿದ. ಸುತ್ತಿಗೆಯ ತಲೆ ಗಾಳಿಯಲ್ಲಿ ಸಣ್ಣಗೆ ಅಲುಗತೊಡಗಿತು. ಭಾವ ಅದನ್ನು ನೋಡಿದರು. ನಲವತ್ತು ಮಂದಿಯ ಬಾಯಿಯೊಳಗೆ ದಿನವೂ ಕೈ ಹಾಕುವ ಮನುಷ್ಯ. ಕೈ ನಡುಗುವುದೆಂದರೆ ಏನೆಂದು ಅವರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಅಣ್ಣ ಹೊಡೆದ. ಟಕ್ ಎಂದಿತು. ಮಣೆ ಹಾಗೇ ಇತ್ತು.

"ನೋಡು," ಎಂದ ಅಣ್ಣ.

"ಮುತ್ತು ಕೊಡ್ತಿದೀಯಾ?" ಎಂದ ತಮ್ಮ. "ಬೇಕರಿಯವನಿಗೆ ಹೀಗೇ ಹೊಡೆಸಿದ್ಯಾ?"

ಅಣ್ಣ ಸುತ್ತಿಗೆ ತಿರುಗಿಸಿ ತಮ್ಮನ ತಲೆಯ ಮಟ್ಟಕ್ಕೆ ಎತ್ತಿದ. ತಮ್ಮ ಸರಿಯಲಿಲ್ಲ, ಸರಿಯಲು ಅವನಲ್ಲಿ ಏನೂ ಉಳಿದಿರಲಿಲ್ಲ. ಅಣ್ಣನ ಕಣ್ಣು ಅವನ ಭುಜದ ಮೇಲಿಂದ ಹಾದು ಭಾವನ ಮೇಲೆ ನಿಂತಿತು. ಬಾಯಿಯ ರಕ್ತ, ಬಿಗಿ ಅಂಗಿ, ಬೆಟ್ಟಕ್ಕೆಂದು ಹೊಳಪು ಕೊಟ್ಟ ಬೂಟು. ಅಷ್ಟನ್ನೂ ಒಂದೊಂದಾಗಿ ನೋಡಿದ. ಆಮೇಲೆ ಸುತ್ತಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಿಸಿದ. ಎಡಗೈ ಕಲ್ಲಿನ ಹಾಗಿತ್ತು. ಕಾಲು ಅಗಲಿಸಿ ನಿಂತು, ಉಸಿರು ಹಿಡಿದು, ಪೂರ್ತಿ ಬೀಸಿ ಹೊಡೆದ.

ಪಿಂಗಾಣಿ ಬಟ್ಟಲು ನೆಲಕ್ಕೆ ಬಿದ್ದಂಥ ಸದ್ದಾಯಿತು. ಮಣೆ ಹಾರಿ ತಗಡಿನ ಸೂರಿಗೆ ಬಡಿದು, ಅಲ್ಲಿಂದ ಭಾವನ ಬೂಟಿನ ಮುಂದೆ ಬಂದು ಬಿತ್ತು. ಅದರ ಜೊತೆ ಕೊಳವೆಯ ಗೋಡೆಯದೂ ಒಂದು ತುಂಡು ಕಿತ್ತು ಬಂದಿತ್ತು, ಬಿಸ್ಕತ್ತು ಕಚ್ಚಿದ ಹಾಗೆ. ಮುರಿದ ಅಂಚು ಒಲೆಯ ಬೂದಿಯ ಬಣ್ಣಕ್ಕಿತ್ತು.

ಸುತ್ತಿಗೆ ಅಣ್ಣನ ಕೈಯಿಂದ ಜಾರಿ ಅವನದೇ ಕಾಲ್ಬೆರಳ ಮೇಲೆ ಬಿತ್ತು. ಅವನು ಕಾಲು ಎಳೆದುಕೊಳ್ಳಲಿಲ್ಲ.

"ಎಷ್ಟನೇ ತಿರುವಲ್ಲಿ?" ಎಂದು ಕೊನೆಗೆ ಭಾವ ಸಿಳ್ಳೆಯಲ್ಲಿ ಕೇಳಿದರು.

"ಮೊದಲನೇದು ದಾಟ್ತಿದ್ರಿ," ಎಂದ ತಮ್ಮ. "ಮೂರು ಖಂಡಿತ ಇಲ್ಲ."

ಭಾವ ಗಾಜಿನ ಚೂರುಗಳ ನಡುವೆಯೇ ಮೆಲ್ಲಗೆ ಕೂತುಕೊಂಡರು. ಆಗ ಅಕ್ಕ ಬಂದಳು. ಕೈಯಲ್ಲಿ ಕಾರಿನ ಕೀ. ಒಡೆದ ಗೋಡೆ, ಮೂರು ರಕ್ತದ ಮುಖ, ವೈಸಿನಲ್ಲಿ ಸಿಕ್ಕಿ ತೂಗುತ್ತಿದ್ದ ಸೈಕಲ್ಲು ಎಲ್ಲವನ್ನೂ ಒಮ್ಮೆ ನೋಡಿ, ಬಗ್ಗಿ ಮಣೆಯನ್ನು ಎತ್ತಿಕೊಂಡಳು. ಈ ಮನೆಯಲ್ಲಿ ಹುಟ್ಟಿದವಳಿಗೆ ಬೆಸುಗೆಯ ಬೂದಿ ಬಣ್ಣದ ಅರ್ಥ ಗೊತ್ತು.

"ನಾಳೆ ಇವರು ಇದರ ಮೇಲೆ ಇಳೀತಿದ್ರಾ?" ಎಂದು ಅಣ್ಣನನ್ನು ಕೇಳಿದಳು.

"ಹೂಂ."

"ನಿಂಗೆ ಗೊತ್ತಿತ್ತಾ?"

ಅಣ್ಣ ಬಲಗೈಯನ್ನು ಮತ್ತೆ ಜೇಬಿಗೆ ಸೇರಿಸಿದ. ಅಕ್ಕ ಅವನ ಕೆನ್ನೆಗೆ ಒಂದು ಕೊಟ್ಟಳು. ಆ ಮನೆತನದಲ್ಲಿ ಅಂದಿನವರೆಗೆ ಬಿದ್ದ ಏಟುಗಳಲ್ಲೆಲ್ಲ ಅತ್ಯಂತ ಹಗುರವಾದದ್ದು ಅದೇ ಇರಬೇಕು, ಐವತ್ತು ದಾಟಿದ ಹೆಂಗಸಿನ ಕೈ. ಪಂಪಿಗೆ ಬೀಳದ, ಚೈನಿಗೆ ಬೀಳದ ಅಣ್ಣ ಅದಕ್ಕೆ ಬೆಂಚು ಹಿಡಿದು ನೆಲಕ್ಕಿಳಿದ. "ಕೈ ನಿಲ್ತಿಲ್ಲ ಅಕ್ಕ," ಎಂದ. "ಹೇಳೋಕಾಗಲಿಲ್ಲ."

"ಎಂಟು ತಿಂಗಳಾಯ್ತು," ಎಂದೂ ಸೇರಿಸಿದ, ತಮ್ಮನ ಕಡೆ ನೋಡದೆ. ಅವನು ಕೇಳಿದ್ದಕ್ಕೆ ಉತ್ತರ ಹೇಳುವುದು ಬಾಕಿ ಇತ್ತು.

ಅಕ್ಕ ತಮ್ಮನ ಕಡೆ ತಿರುಗಿದಳು. ಅವನು ಪಕ್ಕೆ ಹಿಡಿದುಕೊಂಡು, ತಾನು ಗೆದ್ದೆನೋ ಏನೋ ಎಂದು ಇನ್ನೂ ಯೋಚಿಸುತ್ತಿದ್ದ.

"ನೋಡೋಕೆ ಅಂತ ಇವನು ಕರೀಲಿಲ್ವಾ ನಿನ್ನ?"

"ಕರೆದ."

"ಹೋದ್ಯಾ?"

"ಆಮೇಲೆ ಅಂದೆ."

ಅವನಿಗೂ ಒಂದು ಬಿತ್ತು, ನಾಲ್ಕು ಮಿಲಿಮೀಟರ್ ಕಡಿಮೆಯಿದ್ದ ಕಿವಿಯ ಮೇಲೆ. ನಂತರ ಅಕ್ಕ ಕಾರಿನ ಸೀಟಿನ ಮೇಲೆ ಹಳೆಯ ಪತ್ರಿಕೆಗಳನ್ನು ಹಾಸಿ, ಗಂಡನನ್ನು ಮುಂದೆ, ತಮ್ಮಂದಿರಿಬ್ಬರನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದಳು. ದಾರಿಯಲ್ಲಿ ಯಾರೂ ಯಾರ ಮೈಯನ್ನೂ ಮುಟ್ಟಲಿಲ್ಲ. ಒಂದು ತಿರುವಿನಲ್ಲಿ ಮಾತ್ರ ಕಾರು ವಾಲಿದಾಗ ತಮ್ಮ ಅಣ್ಣನ ಬಲಗೈಯನ್ನು ಹಿಡಿದುಕೊಂಡ, ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ಭಾನುವಾರ ಕ್ಲಬ್ಬಿನವರು ಬೆಟ್ಟ ಹತ್ತಿ ಇಳಿದರು. ಭಾವ ಹೋಗಲಿಲ್ಲ. ಹೋದ ಹಲ್ಲಿನ ಜಾಗಕ್ಕೆ ಅವರಿಗಿಂತ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಟೈಟಾನಿಯಂ ತಿರುಪು ಕೂರಿಸಿದರು. ಅದು ಅರ್ಧ ಮಿಲಿಮೀಟರ್ ಒಳಗೆ ಕೂತಿದೆ ಎಂದು ಭಾವ ಸಿಕ್ಕವರಿಗೆಲ್ಲ ಬಾಯಿ ತೆರೆದು ತೋರಿಸುತ್ತಿದ್ದರು. ಗಾಜಿನ ಗೋಡೆಯನ್ನು ಮತ್ತೆ ಹಾಕಿಸಲಿಲ್ಲ. ಅಣ್ಣ ಬೆಸೆಯುವುದನ್ನು ಬಿಟ್ಟ. ಈಗ ತಮ್ಮ ಬೆಸೆಯುತ್ತಾನೆ, ಅಣ್ಣ ಪಕ್ಕದಲ್ಲಿ ಕೂತು ಬೈಯುತ್ತ ಕಲಿಸುತ್ತಾನೆ, ಕರೆದ ಕೂಡಲೇ ಎದ್ದು ಬಂದು ಬಣ್ಣ ನೋಡುತ್ತಾನೆ. ಮೊದಲ ಮೂವತ್ತು ಬೆಸುಗೆ ಸುತ್ತಿಗೆಗೆ ಮುರಿದವು. ಮೂವತ್ತೊಂದನೆಯದು ಬಾಗಿತು. ಅದಾದ ಮೇಲೆ ಭಾವನ ಫ್ರೇಮಿನ ಎಡಗಡೆಗೆ ಹೊಸ ಕೊಳವೆ ಬಂತು. ಬ್ರೇಕು ಹಳೆಯದೇ ಇದೆ.